ದಿಂಬಿನ ಮೇಲೊಂದು ಗಂಟೆ

ಬೆಳಗಿನ ಐದೂವರೆ. ಬೀದಿ ಇನ್ನೂ ಕಣ್ಣು ಬಿಟ್ಟಿಲ್ಲ. ಮೂಲೆಯ ಅಂಗಡಿಯೊಂದರ ಶಟರ್ ಮಾತ್ರ ಮೊಣಕಾಲೆತ್ತರಕ್ಕೆ ಮೇಲೆದ್ದಿದೆ. ಬಗ್ಗಿ ಒಳಗೆ ನೋಡಿದರೆ ಉದ್ದನೆಯ ಮರದ ಮೇಜು, ಅದರ ಮೇಲೆ ಸಾಲಾಗಿ ಮೂರು ಹಳೆಯ ಲ್ಯಾಪ್‌ಟಾಪ್‌ಗಳು, ಗೋಡೆಯ ಹಲಗೆಯ ಮೇಲೆ ನಾಲ್ಕನೆಯದೊಂದು. ನಾಲ್ಕೂ ಚಾಲೂ ಆಗಿವೆ. ಮೇಜಿನ ಹಿಂದೆ ಐವತ್ತು ದಾಟಿದ ಹೆಂಗಸೊಬ್ಬರು ಕನ್ನಡಕವನ್ನು ಹಣೆಯ ಮೇಲಕ್ಕೇರಿಸಿ, ಕಣ್ಣು ಮುಚ್ಚಿ ಕೂತಿದ್ದಾರೆ. ಹೊಸಬರು ನೋಡಿದರೆ ಪಾಪ, ನಿದ್ದೆಗಣ್ಣಲ್ಲೇ ಎದ್ದು ಬಂದಿದ್ದಾರೆ ಅಂದುಕೊಳ್ಳಬೇಕು.

ಅವರು ಕೇಳಿಸಿಕೊಳ್ಳುತ್ತಿದ್ದಾರೆ. ಯಂತ್ರದೊಳಗಿನ ಅಂಗೈಯಗಲದ ಫ್ಯಾನು ಹೇಗೆ ಉಸಿರಾಡುತ್ತಿದೆ ಎಂಬುದು ಬೀದಿಯಲ್ಲಿ ಮೊದಲ ಸ್ಕೂಟರು ಓಡುವವರೆಗೆ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದಂತೆ. "ಪರದೆ ಮೇಲೆ ಏನು ಬೇಕಾದ್ರೂ ತೋರಿಸ್ಬಹುದು ನೋಡಿ. ಹೊಸಾ ಥರ ಒರೆಸಿಡಬಹುದು. ಫ್ಯಾನು ಮಾತ್ರ ಸುಳ್ಳು ಹೇಳಲ್ಲ" ಎನ್ನುತ್ತಾ ಎಡಗಡೆಯ ಯಂತ್ರದ ಕಡೆಗೆ ಕೈ ತೋರುತ್ತಾರೆ. "ಇದಕ್ಕೆ ಗೊರಕೆ ಇದೆ. ಬಿಚ್ಚಬೇಕು."

ಅಂಗಡಿಗೆ ಹೆಸರಿಲ್ಲ, ಬೋರ್ಡೂ ಇಲ್ಲ. ಸುತ್ತಲಿನ ನಾಲ್ಕು ಬೀದಿಯವರಿಗೆ ಇವರು 'ಒಂದ್ಗಂಟೆ ಮೇಡಂ'. ಕೈಯಲ್ಲಿ ಕಾಸು ಕಡಿಮೆ, ಮಾಡಬೇಕಾದ ಕೆಲಸ ದೊಡ್ಡದು ಎಂಬ ಇಕ್ಕಟ್ಟಿನವರು ಕೊನೆಗೆ ಬಂದು ನಿಲ್ಲುವುದು ಇದೇ ಮೇಜಿನ ಮುಂದೆ. ಮನೆಯ ನಕ್ಷೆ ಬರೆಯುವವರು, ವಿಡಿಯೊ ಕತ್ತರಿಸಿ ಜೋಡಿಸುವವರು, ದಂತವೈದ್ಯರಿಗೆ ಹಲ್ಲಿನ ಅಚ್ಚು ಮಾಡಿಕೊಡುವವರು, ಎಲ್ಲರೂ ಬರುತ್ತಾರೆ. ಬಂದವರಿಗೆ ಮೇಡಂ ಒಂದೇ ಷರತ್ತು ಹಾಕುತ್ತಾರೆ: ನಿಮ್ಮ ಕೆಲಸವನ್ನು ಪೆನ್‌ಡ್ರೈವಿನಲ್ಲಿ ತನ್ನಿ, ಈ ಯಂತ್ರದ ಮುಂದೆ ಒಂದು ಗಂಟೆ ಕೂತು ಮಾಡಿ ತೋರಿಸಿ. ಆಮೇಲೆ ವ್ಯಾಪಾರದ ಮಾತು. ಐದು ನಿಮಿಷ ಒತ್ತಿ ನೋಡಿ "ಚೆನ್ನಾಗಿದೆ, ಕೊಡಿ" ಎನ್ನುವವರಿಗೆ ಅವರು ಕೊಡುವುದಿಲ್ಲ. ಬೈದುಕೊಂಡು ಹೋದವರೂ ಇದ್ದಾರೆ.

ಈ ಒಂದು ಗಂಟೆ ಎಲ್ಲಿಂದ ಬಂತು ಎಂದು ಕೇಳಿದರೆ ಮೇಡಂ ಕಾಲಿನಿಂದ ನೆಲ ತಟ್ಟುತ್ತಾರೆ. ಇದೇ ಕೋಣೆ ಒಂದು ಕಾಲಕ್ಕೆ ಟೈಪಿಂಗ್ ಶಾಲೆಯಾಗಿತ್ತು. ಹದಿನೆಂಟು ವರ್ಷ ಅವರು ಇಲ್ಲಿ ಬೆರಳು ಕಲಿಸಿದರು. ಬೆಳಿಗ್ಗೆ ಆರಕ್ಕೆ ಮೊದಲ ತಂಡ, ತಂಡಕ್ಕೆ ಸರಿಯಾಗಿ ಒಂದು ಗಂಟೆ. ಮೇಜಿನ ಮೇಲಿನ ಟೈಂಪೀಸು ಬಡಿದುಕೊಂಡ ಕೂಡಲೇ ಎಲ್ಲರೂ ಕೈ ಎತ್ತಬೇಕು. ಟೈಪ್‌ರೈಟರುಗಳು ಗುಜರಿಗೆ ಹೋದವು, ಕಲಿಯುವವರು ಬರುವುದು ನಿಂತಿತು. ಉಳಿದದ್ದು ಮೇಜು, ಟೈಂಪೀಸು ಮತ್ತು ಹಳೆಯ ಶಿಷ್ಯರು. "'ಮೇಡಂ, ಯಾವ ಕಂಪ್ಯೂಟರ್ ತಗೊಳ್ಲಿ' ಅಂತ ಕೇಳ್ಕೊಂಡು ಬರೋರು. ನನಗೇನು ಗೊತ್ತಿತ್ತು, ಮಣ್ಣು! ಗೊತ್ತಿಲ್ಲ ಅನ್ನೋಕೆ ನಾಚಿಕೆ. ಅದಕ್ಕೇ ಕಲ್ತೆ" ಎಂದು ನಗುತ್ತಾರೆ. ಒಂದು ಕಚೇರಿ ಮೂಲೆಗೆಸೆದ ಆರು ಸತ್ತ ಯಂತ್ರಗಳನ್ನು ತಂದು ಬಿಚ್ಚಿ, ಮುಚ್ಚಿ, ಮತ್ತೆ ಬಿಚ್ಚಿ ಕಲಿತರು. ಅದರಲ್ಲಿ ನಾಲ್ಕು ಕೊನೆಗೂ ಎದ್ದು ಕೂತವು.

ಕಿವಿಯ ಪಾಠ ಹೇಳಿಕೊಟ್ಟದ್ದು ಗಂಡ. ನೀರಿನ ಪಂಪ್‌ಹೌಸಿನಲ್ಲಿ ಪಾಳಿ ಮಾಡುವ ಮನುಷ್ಯ ಅವರು. ಮೋಟಾರು ಕೆಡುವ ಮುನ್ನ ಅದರ ದನಿ ಕೆಡುತ್ತದೆ ಎಂಬುದು ಅವರ ಮೂವತ್ತು ವರ್ಷದ ಗಳಿಕೆ. ಪಾಳಿ ಮುಗಿಸಿ ಬೆಳಿಗ್ಗೆ ಏಳಕ್ಕೆ ಅಂಗಡಿಗೆ ಚಹಾ ತಂದುಕೊಡುವುದು ಅವರ ದಿನಚರಿ. ಹೆಂಡತಿಯನ್ನು ರೇಗಿಸುವುದು ಅದರ ಜೊತೆಗಿನ ಚಿಲ್ಲರೆ.

ಈಗ ಒಂಬತ್ತು ವರ್ಷ. ದಿನಕ್ಕೆ ಮೂರು ಯಂತ್ರ ಕೇಳಿಸಿಕೊಳ್ಳುತ್ತಾರೆ, ಒಂದನ್ನಾದರೂ ಬಿಚ್ಚುತ್ತಾರೆ. ತಳದ ಹನ್ನೊಂದು ಸ್ಕ್ರೂಗಳನ್ನು ಮಾತ್ರೆಯ ಡಬ್ಬಿಯ ಮನೆಮನೆಗಳಲ್ಲಿ ಬೇರೆ ಬೇರೆ ಇಡುತ್ತಾರೆ, ಯಾಕೆಂದರೆ ಒಂದರ ಜಾಗಕ್ಕೆ ಇನ್ನೊಂದು ಹೋದರೆ ಒಳಗಿನ ಸರ್ಕ್ಯೂಟ್ ಹಲಗೆ ಬಿರಿಯುತ್ತದೆ. ಬಂದ ಹತ್ತು ಜನರಲ್ಲಿ ನಾಲ್ವರು ಯಂತ್ರ ಕೊಂಡು ಹೋದರೆ ಹೆಚ್ಚು. ಮೂವರಿಗೆ "ನಿಮ್ಮ ಹಳೇದೇ ಸಾಕು, ರ‍್ಯಾಮು ಹಾಕಿಸ್ಕೊಳ್ಳಿ" ಎಂದು ಹೇಳಿ ಕಳಿಸುತ್ತಾರೆ. ಉಳಿದವರಿಗೆ ಇಲ್ಲಿ ಸಿಗುವುದು ಒಂದು ಗಂಟೆ ಮಾತು ಮಾತ್ರ. ಹೀಗೆ ವ್ಯಾಪಾರ ಮಾಡಿದರೆ ಅಂಗಡಿ ಉದ್ಧಾರವಾಗುತ್ತದೆಯೇ ಎಂದು ಗಂಡನನ್ನು ಕೇಳಿದರೆ, "ಉದ್ಧಾರ ಬಿಡಿ, ಮನೇಲಿದ್ದ ನನ್ನ ದಿಂಬೂ ಅಂಗಡಿ ಸೇರ್ತು. ಮೂರು ವರ್ಷದಿಂದ ಟವೆಲ್ ಮಡಚಿ ತಲೆ ಕೆಳಗೆ ಇಟ್ಕೊಳ್ತಿದೀನಿ" ಎಂದು ಕೈ ತೋರಿಸುತ್ತಾರೆ.

ನಿಜ. ಮೇಜಿನ ತುದಿಯಲ್ಲಿ ಒಂದು ದಿಂಬಿದೆ. ಹಳೆಯದು, ನಡುವೆ ತಗ್ಗಾದದ್ದು, ಗವಸಿಲ್ಲದ್ದು. ಲ್ಯಾಪ್‌ಟಾಪ್ ಅಂಗಡಿಯಲ್ಲಿ ದಿಂಬಿಗೆ ಏನು ಕೆಲಸ? ಅದು ತಿಳಿಯಬೇಕಾದರೆ ಎಂಟು ಗಂಟೆಗೆ ಬಂದ ಟೇಲರಮ್ಮನ ಜೊತೆ ಕೂರಬೇಕು.

ಟೇಲರಮ್ಮ ಇಪ್ಪತ್ತೆರಡು ವರ್ಷ ಹೊಲಿಗೆ ಯಂತ್ರ ತುಳಿದವರು. ಬಲಗಡೆಯ ಮಂಡಿ ಈಗ ಮಡಚಿದರೆ ಬಿಚ್ಚುವುದಿಲ್ಲ, ಬಿಚ್ಚಿದರೆ ಮಡಚುವುದಿಲ್ಲ. ಇನ್ನು ತುಳಿಯಲೇಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಬಟ್ಟೆ ಬಿಟ್ಟರೆ ಬೇರೆ ಗೊತ್ತಿಲ್ಲದ ಕೈ. ನಾಲ್ಕು ತಿಂಗಳು ಸಂಜೆಯ ತರಗತಿಗೆ ಕುಂಟಿಕೊಂಡೇ ಹೋಗಿ, ಕಂಪ್ಯೂಟರಿನಲ್ಲಿ ಅಳತೆಯ ತುಂಡು ಬರೆಯುವುದನ್ನು ಕಲಿತಿದ್ದಾರೆ. ಪರದೆಯ ಮೇಲೆ ಒಂದು ಮೈ ನಿಲ್ಲುತ್ತದೆ. ಬರೆದ ತುಂಡುಗಳನ್ನು ಅದಕ್ಕೆ ಹೊಲಿದು ತೊಡಿಸಿ, ಎಲ್ಲಿ ಬಿಗಿ, ಎಲ್ಲಿ ಜೋಲು ಎಂದು ತಿರುಗಿಸಿ ನೋಡಬೇಕು. ಒಂದು ಉಡುಪಿನ ಕಂಪನಿ ಪರೀಕ್ಷೆಗೆಂದು ಕೆಲಸ ಕೊಟ್ಟಿದೆ: ಮಕ್ಕಳ ಕೋಟು, ಐದು ಅಳತೆ, ಸೋಮವಾರದೊಳಗೆ. ಸರಿಹೋದರೆ ಮನೆಯಲ್ಲೇ ಕೂತು ಮಾಡುವ ಕಾಯಂ ಕೆಲಸ. ಸರಿಹೋಗದಿದ್ದರೆ ಮಂಡಿ ಏನೇ ಅಂದರೂ ಮತ್ತೆ ಅದೇ ಪೆಡಲು. ಇವತ್ತು ಗುರುವಾರ.

ಟೇಲರಮ್ಮ ತರಗತಿಯ ಮೇಷ್ಟ್ರು ಬರೆದುಕೊಟ್ಟ ಚೀಟಿಯನ್ನು ಮೇಜಿನ ಮೇಲಿಡುತ್ತಾರೆ. ಹದಿನಾರು ಜಿಬಿ ರ‍್ಯಾಮು, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು, ಇಂಥದ್ದೇ ಪ್ರೊಸೆಸರು. ಹೊಸ ಅಂಗಡಿಗಳನ್ನು ಸುತ್ತಿ ಬಂದಿದ್ದಾರೆ. ಕೈಯಲ್ಲಿರುವ ದುಡ್ಡಿಗೆ ಚೀಟಿಯ ಅರ್ಧ ಮಾತ್ರ ಸಿಗುತ್ತದಂತೆ.

ಮೇಡಂ ಚೀಟಿಯನ್ನು ಓದುತ್ತಾರೆ, ಮಡಚುತ್ತಾರೆ, ಟೈಂಪೀಸಿನ ಅಡಿಗೆ ಸೇರಿಸುತ್ತಾರೆ. "ಇದು ಸರಿಯಾಗೇ ಇದೆ. ಆದ್ರೆ ಇದು ಯಂತ್ರದ ಜಾತಕ. ನಿಮ್ಮ ದಿನ ಹೇಳಿ ಈಗ. ಎಲ್ಲಿ ಕೂತ್ಕೋತೀರಾ?"

"ಮನೇಲೇ ಮೇಡಂ."

"ಮನೇಲಿ ಎಲ್ಲಿ?"

ಟೇಲರಮ್ಮ ಸ್ವಲ್ಪ ಸಂಕೋಚಪಡುತ್ತಾರೆ. "ಇಸ್ತ್ರಿ ಮೇಜಿನ ಮೇಲೆ. ಬೇರೆ ಮೇಜಿಲ್ಲ. ಅದರ ಮೇಲೆ ಎರಡು ಕಂಬಳಿ ಹಾಸಿದೆ, ತೆಗಿಯೋಕಾಗಲ್ಲ. ಯಜಮಾನರು ಅದೇ ಮೇಜಲ್ಲಿ ಇಸ್ತ್ರಿ ಮಾಡ್ತಾರಲ್ಲ."

"ಹೊರಗೆ ಹೊತ್ಕೊಂಡು ಹೋಗೋದುಂಟಾ?"

"ಈ ಕಾಲಲ್ಲಾ?"

"ಹಾಗಾದ್ರೆ ತೂಕ ಬಿಟ್ಕೊಡಿ. ಬ್ಯಾಟರಿ ಬಿಟ್ಕೊಡಿ, ಗೋಡೆ ಪಕ್ಕಾನೇ ಇರ್ತೀರಿ. ಅಂದಚೆಂದ ಬಿಟ್ಕೊಡಿ. ಅಲ್ಲಿ ಉಳಿದ ದುಡ್ಡನ್ನ ಚೀಟೀಲಿರೋದಕ್ಕೆ ಹಾಕೋಣ. ಫ್ಯಾನು ಮಾತ್ರ ಬಿಟ್ಕೊಡ್ಬೇಡಿ." ಇಷ್ಟು ಹೇಳಿ ಮೇಡಂ ದಿಂಬನ್ನು ಎಳೆದು ನಡುಮೇಜಿಗೆ ಹಾಕುತ್ತಾರೆ, ಅದರ ಮೇಲೆ ಮೊದಲ ಯಂತ್ರ ಇಡುತ್ತಾರೆ, ಟೈಂಪೀಸಿಗೆ ಕೀಲಿ ಕೊಡುತ್ತಾರೆ. ಲ್ಯಾಪ್‌ಟಾಪಿನ ತಳದಲ್ಲಿ ಗಾಳಿ ಎಳೆದುಕೊಳ್ಳುವ ಸೀಳುಗಳಿರುತ್ತವೆ. ಮೆತ್ತನೆಯ ಜಾಗದಲ್ಲಿ ಅವು ಮುಚ್ಚಿಹೋಗುತ್ತವೆ. ಒಳಗೆ ಕಾವೇರಿದಂತೆ ಯಂತ್ರ ತನ್ನ ಜೀವ ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಗಟ್ಟಿ ಮೇಜಿನ ಮೇಲೆ ಪಾಸಾದದ್ದು ಹಾಸಿಗೆಯ ಮೇಲೆ ಫೇಲಾಗುವುದು ಹೀಗೆ.

ಮೊದಲನೆಯದು ತೆಳ್ಳಗೆ, ಹೊಳೆಹೊಳೆಯುವ ಯಂತ್ರ. ಇಪ್ಪತ್ತನೆಯ ನಿಮಿಷಕ್ಕೆ ಕೋಟಿನ ಎಡತೋಳು ಭುಜದಿಂದ ಒಂದು ಗೇಣು ದೂರ ಗಾಳಿಯಲ್ಲಿ ತೂಗಿಕೊಂಡು ನಿಂತುಬಿಡುತ್ತದೆ, ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಎರಡನೆಯದು ಗೊರಕೆಯವನು, ಬಿಚ್ಚಿ, ಧೂಳು ತೆಗೆದು, ಒಳಗೆ ಬಿಸಿ ಇಳಿಸುವ ಹೊಸ ಪೇಸ್ಟ್ ಹಚ್ಚಿದ ಮೇಲೂ ನಲವತ್ತೊಂದನೆಯ ನಿಮಿಷಕ್ಕೆ ಏದುಸಿರು ಬಿಡುತ್ತಾನೆ. ಮೂರನೆಯದರಲ್ಲಿ ಗ್ರಾಫಿಕ್ಸ್ ಕಾರ್ಡೇ ಇಲ್ಲ, ಅದನ್ನು ದಿಂಬಿನ ಮೇಲೆ ಕೂರಿಸುವ ಮಾತೇ ಬರುವುದಿಲ್ಲ. ಮಧ್ಯಾಹ್ನವಾಗುತ್ತಾ ಬಂದಿದೆ. ಟೇಲರಮ್ಮನ ಮುಖ ಸಣ್ಣದಾಗಿದೆ. ಅವರ ಕಣ್ಣು ಗೋಡೆಯ ಹಲಗೆಯ ಮೇಲಿರುವ ನಾಲ್ಕನೆಯ ಯಂತ್ರದ ಮೇಲೆ ನಿಲ್ಲುತ್ತದೆ. ದಪ್ಪಗೆ, ಕಪ್ಪಗೆ, ಹಳೆಯ ಕಾಲದ ಟ್ರಂಕಿನ ಥರದ್ದು.

"ಅದು ಯಾಕೆ ಇಳಿಸ್ಲಿಲ್ಲ ಮೇಡಂ?"

"ಅದು ಮಾರೋದಲ್ಲಮ್ಮ. ಒಬ್ಬರದ್ದು."

ಮೇಡಂ ಸ್ಕ್ರೂಡ್ರೈವರನ್ನು ಬೆರಳಲ್ಲಿ ತಿರುಗಿಸುತ್ತಾ ಕೂರುತ್ತಾರೆ. ಆಮೇಲೆ, ಯಾರೂ ಕೇಳದೆ ಇದ್ದರೂ, ಅವರೇ ಹೇಳುತ್ತಾರೆ.

ಮೂರು ವರ್ಷದ ಹಿಂದೆ ಅದನ್ನು ಕೊಂಡವರು ಒಬ್ಬ ಡ್ರಾಯಿಂಗ್ ಮೇಷ್ಟ್ರು. ಕಿವಿ ಕೇಳಿಸದ ಮಕ್ಕಳಿಗೆ ಪಾಠವಾಗಲಿ ಎಂದು ಓಡಾಡುವ ಚಿತ್ರಗಳ ಸಿನಿಮಾ ಒಂದನ್ನು ಒಬ್ಬರೇ ಬರೆದು ಮಾಡುತ್ತಿದ್ದರು. ಗಡುವಿನೊಳಗೆ ಮುಗಿಸಿ ಕಳಿಸಿದರೆ ಅದನ್ನು ಶಾಲೆಗಳಿಗೆ ಹಂಚುತ್ತೇವೆ ಎಂದು ಒಂದು ಸಂಸ್ಥೆ ಮಾತು ಕೊಟ್ಟಿತ್ತು. ಇದೇ ಮೇಜಿನ ಮೇಲೆ ಒಂದು ಗಂಟೆ ಕೂತರು. ಯಂತ್ರ ಬೆವರಲೇ ಇಲ್ಲ. ಮೇಡಂಗೆ ಹೆಮ್ಮೆಯೋ ಹೆಮ್ಮೆ. ಆಗಷ್ಟೇ ಹೊಸದಾಗಿ ಅಚ್ಚು ಹಾಕಿಸಿದ ಸ್ಟಿಕ್ಕರುಗಳು ಬಂದಿದ್ದವು, ಅಂಗೈಯಗಲದವು, 'ಒಂದು ಗಂಟೆ ಪರೀಕ್ಷಿಸಿದೆ' ಎಂದು ಕೆಂಪಕ್ಷರದಲ್ಲಿ. ಯಂತ್ರವನ್ನು ಬೋರಲು ಹಾಕಿ, ತಳಕ್ಕೆ ಒಂದು ಅಂಟಿಸಿ, ಉಗುರಿನಿಂದ ನಾಲ್ಕೂ ಮೂಲೆ ಉಜ್ಜಿ ಕೊಟ್ಟರು.

ಐದು ವಾರಕ್ಕೆ ಮೇಷ್ಟ್ರು ಯಂತ್ರ ಹಿಂದಕ್ಕೆ ತಂದರು. ಚಿತ್ರ ಮುಕ್ಕಾಲಿಗೆ ಬಂದಾಗ ಅದು ನಿಂತು ನಿಂತು ಓಡಿತಂತೆ, ಗಡುವು ಮೀರಿತಂತೆ. ಜಗಳವಿಲ್ಲ, ಏರುದನಿಯಿಲ್ಲ. "ನನ್ನ ಚಿತ್ರಾನೇ ಸ್ವಲ್ಪ ಭಾರ ಆಯ್ತೇನೋ ಮೇಡಂ. ಯಂತ್ರದ ತಪ್ಪಲ್ಲ" ಎಂದರು. ಮೇಡಂ ಪೂರ್ತಿ ದುಡ್ಡು ಹಿಂದಿರುಗಿಸಿದರು. ಮರುದಿನ ಬೆಳಿಗ್ಗೆ ಬಿಚ್ಚಲೆಂದು ಬೋರಲು ಹಾಕಿದಾಗ ಕಂಡಿತು: ತಾವೇ ಕೈಯಾರೆ ಅಂಟಿಸಿದ ಸ್ಟಿಕ್ಕರು ಗಾಳಿಯ ಸೀಳುಗಳ ಮೇಲೇ ಕೂತಿತ್ತು, ಮುಕ್ಕಾಲು ಭಾಗ ಮುಚ್ಚಿಕೊಂಡು.

"ಪಾಸಾಗಿದ್ದು ಸ್ಟಿಕ್ಕರ್ ಇಲ್ದೇ ಇದ್ದ ಯಂತ್ರ. ನಾನು ಕೊಟ್ಟಿದ್ದು ಸ್ಟಿಕ್ಕರ್ ಇದ್ದ ಯಂತ್ರ" ಎನ್ನುತ್ತಾರೆ ಮೇಡಂ. "ಪಾಸಾಯ್ತು ಅಂತ ಬರೆದ ಕಾಗದಾನೇ ಅದರ ಉಸಿರು ಕಟ್ಟಿಸ್ತು. ನನ್ನ ಹೆಸರು ನಾಲ್ಕು ಜನ ನೋಡ್ಲಿ ಅನ್ನೋ ಆಸೆ ಇತ್ತಲ್ಲ, ಅದಕ್ಕೇ ಅಷ್ಟು ದೊಡ್ಡದು ಮಾಡ್ಸಿದ್ದೆ." ಉಳಿದ ಸ್ಟಿಕ್ಕರುಗಳನ್ನು ಅಂದೇ ಒಲೆಗೆ ಹಾಕಿದರು. ಹೊರಗಿದ್ದ 'ಒಂದು ಗಂಟೆ' ಎಂಬ ಬೋರ್ಡನ್ನೂ ಇಳಿಸಿದರು. ಆ ಸಂಜೆ ಗಂಡನ ದಿಂಬು ಅಂಗಡಿ ಸೇರಿತು.

ಹೇಳುವ ಧೈರ್ಯ ಬರುವಷ್ಟರಲ್ಲಿ ಮೇಷ್ಟ್ರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಮೇಡಂ ವಿಳಾಸ ಹುಡುಕಿ, ಎರಡು ಬಸ್ಸು ಬದಲಾಯಿಸಿ ಹೋಗಿ, ಶಾಲೆಯ ಜಗಲಿಯ ಮೇಲೆ ನಿಂತು ಎಲ್ಲವನ್ನೂ ಹೇಳಿದರು. ಬೈಗುಳಕ್ಕೆ ಸಿದ್ಧವಾಗಿಯೇ ಹೋಗಿದ್ದರು. ಮೇಷ್ಟ್ರು ಕೇಳಿದ್ದು ಒಂದೇ ಮಾತು: "ಹಾಗಾದ್ರೆ ನನ್ನ ಚಿತ್ರ ಭಾರ ಇರ್ಲಿಲ್ಲ, ಅಲ್ವಾ?" ಯಂತ್ರವನ್ನು ಮತ್ತೆ ತೆಗೆದುಕೊಳ್ಳಿ ಎಂದರೆ, ಈಗ ಮನಸ್ಸಿಲ್ಲ, ನೋಡೋಣ ಎಂದರು. ಆ 'ನೋಡೋಣ'ವನ್ನು ನೆಚ್ಚಿಕೊಂಡು ಮೇಡಂ ಮೂರು ವರ್ಷದಿಂದ ಅದನ್ನು ಹಲಗೆಯ ಮೇಲಿಟ್ಟು, ದಿನಾ ಬೆಳಿಗ್ಗೆ ಚಾಲೂ ಮಾಡಿ, ಕಿವಿಗೊಟ್ಟು ಕೇಳಿ, ಒರೆಸಿ ಇಡುತ್ತಿದ್ದಾರೆ.

ಕಥೆ ಕೇಳಿದ ಟೇಲರಮ್ಮ ಚೀಟಿಯನ್ನು ತೆಗೆದುಕೊಂಡು ಎದ್ದು ನಿಲ್ಲುತ್ತಾರೆ. "ಬೇಡ ಬಿಡಿ ಮೇಡಂ. ಇನ್ನೊಬ್ಬರದ್ದಕ್ಕೆ ಕಣ್ಣು ಹಾಕ್ಬಾರ್ದಿತ್ತು." ಎದ್ದವರ ಮಂಡಿ ಕಟಕ್ಕೆನ್ನುತ್ತದೆ. ಮೇಜು ಹಿಡಿದುಕೊಂಡು ಒಂದು ಕ್ಷಣ ಕಣ್ಣು ಮುಚ್ಚುತ್ತಾರೆ.

ಮೇಡಂ ಆ ಸದ್ದನ್ನೂ ಕೇಳಿಸಿಕೊಂಡಿದ್ದಾರೆ. "ಕೂತ್ಕೊಳ್ಳಿ" ಎಂದು ಸ್ಟೂಲು ಹತ್ತಿ ಹಲಗೆಯಿಂದ ಯಂತ್ರ ಇಳಿಸುತ್ತಾರೆ. "ಕೊಡ್ತೀನಿ ಅಂತ ಹೇಳ್ತಿಲ್ಲ. ಮೊದ್ಲು ಗಂಟೆ ಆಗ್ಲಿ."

ದಿಂಬು, ಅದರ ಮೇಲೆ ಮೇಷ್ಟ್ರ ಯಂತ್ರ, ಟೈಂಪೀಸಿಗೆ ಕೀಲಿ. ಪರದೆಯ ಮೇಲೆ ಪುಟ್ಟ ಕೋಟು ತೋಳು ತೊಡುತ್ತದೆ, ಕಾಲರು ಏರಿಸುತ್ತದೆ, ಒಂದು ಸುತ್ತು ತಿರುಗುತ್ತದೆ. ಇಪ್ಪತ್ತು ನಿಮಿಷ ಸಲೀಸು. ನಲವತ್ತೊಂದು ದಾಟಿತು. ನಲವತ್ತೆಂಟಕ್ಕೆ ಫ್ಯಾನಿನ ದನಿ ಮೇಲೇರುತ್ತದೆ. ಮೇಡಂ ಕೈ ತಳಕ್ಕೆ ಹೋಗುತ್ತದೆ, ಹಿಂದಕ್ಕೆ ಬರುತ್ತದೆ. ಕೋಟು ತಿರುಗುವುದು ತಡೆದು ತಡೆದು.

ಟೇಲರಮ್ಮ ಇದ್ದಕ್ಕಿದ್ದಂತೆ "ಒಂದು ನಿಮಿಷ ಎತ್ತಿ ಹಿಡ್ಕೊಳ್ಳಿ" ಎಂದು ತಮ್ಮ ಚೀಲಕ್ಕೆ ಕೈ ಹಾಕುತ್ತಾರೆ. ಹೊರಬಂದದ್ದು ತೋಳಿನ ಅಳತೆಗೆ ಕತ್ತರಿಸಿಟ್ಟ ದಪ್ಪ ರಟ್ಟು, ಮತ್ತು ನಾಲ್ಕು ದಾರದ ರೀಲು. ರಟ್ಟನ್ನು ದಿಂಬಿನ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ರೀಲು ನಿಲ್ಲಿಸಿ, "ಈಗ ಇಡಿ" ಎನ್ನುತ್ತಾರೆ. "ಸ್ಯಾಟಿನ್ ಬಟ್ಟೆ ಇಸ್ತ್ರಿ ಮಾಡಿದ ಮೇಲೆ ಹೀಗೇ ಎತ್ತರಿಸಿ ಆರಿಸೋದು ನಾವು. ಕೆಳಗೆ ಗಾಳಿ ಆಡ್ಬೇಕು."

ಯಂತ್ರ ರೀಲುಗಳ ಮೇಲೆ ಕೂರುತ್ತದೆ. ಎರಡು ನಿಮಿಷ. ಫ್ಯಾನಿನ ದನಿ ಮೆಲ್ಲಗೆ ಇಳಿಯುತ್ತದೆ. ಕೋಟು ಮತ್ತೆ ಸರಾಗವಾಗಿ ತಿರುಗತೊಡಗುತ್ತದೆ. ಒಂಬತ್ತು ವರ್ಷ ಯಂತ್ರಗಳ ಜೊತೆ ಹೆಣಗಿದ ಮೇಡಂ ಆ ನಾಲ್ಕು ರೀಲುಗಳನ್ನು ಬಾಯಿ ತೆರೆದು ನೋಡುತ್ತಾ ಕೂತಿದ್ದಾರೆ. ಟೈಂಪೀಸು ಬಡಿದುಕೊಂಡಾಗ ಟೇಲರಮ್ಮ ಹಳೆಯ ಟೈಪಿಂಗ್ ಶಿಷ್ಯೆಯಂತೆ ಎರಡೂ ಕೈ ಮೇಲೆತ್ತುತ್ತಾರೆ. ಆ ಕೋಣೆಯ ಪದ್ಧತಿ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೇಡಂ ಮೇಷ್ಟ್ರಿಗೆ ಫೋನು ಹಚ್ಚುತ್ತಾರೆ. ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲೆಯೇ ಇಟ್ಟಿದ್ದಾರೆ, ಹಾಗಾಗಿ ಎಲ್ಲರಿಗೂ ಕೇಳಿಸುತ್ತದೆ. ಟೇಲರಮ್ಮನ ಮಂಡಿ, ಕೋಟು, ಸೋಮವಾರ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ನಿಮ್ಮ ಯಂತ್ರ ಮೇಷ್ಟ್ರೇ. ನೀವು ಬೇಡ ಅಂದ್ರೆ ಕೊಡಲ್ಲ" ಎಂದು ಮುಗಿಸುತ್ತಾರೆ.

ಮೇಷ್ಟ್ರು, "ಇನ್ನೂ ಇಟ್ಕೊಂಡಿದೀರಾ ಅದನ್ನ?" ಎನ್ನುತ್ತಾರೆ. ಆಮೇಲೆ, "ಕೊಟ್ಬಿಡಿ ಮೇಡಂ. ಒಂದೇ ಷರತ್ತು. ಕೆಳಗೆ ಸ್ಟಿಕ್ಕರ್ ಅಂಟಿಸ್ಬೇಡಿ."

ಮೂರು ವರ್ಷದ ಮೇಲೆ ಮೇಡಂ ಆ ವಿಷಯಕ್ಕೆ ನಗುತ್ತಾರೆ, ಕಣ್ಣೊರೆಸಿಕೊಂಡು ನಗುತ್ತಾರೆ. ಫೋನಿಡುವ ಮುನ್ನ ಮೇಷ್ಟ್ರು ಇನ್ನೊಂದು ಮಾತು ಕೇಳುತ್ತಾರೆ: "ಅಂಥದ್ದೇ ಇನ್ನೊಂದು ಸಿಕ್ಕಿದ್ರೆ ತಿಳಿಸ್ತೀರಾ? ಅವಸರ ಇಲ್ಲ. ಚಿತ್ರ ಹಾಗೇ ಇದೆ, ಮುಕ್ಕಾಲು." ತಿಳಿಸುತ್ತೇನೆ ಎಂದು ಮೇಡಂ ಹೇಳಿದ ರೀತಿ ನೋಡಿದರೆ ನಾಳೆ ಬೆಳಗಿನಿಂದಲೇ ಹುಡುಕಾಟ ಶುರುವಾಗುವುದು ಖಂಡಿತ. ಟೇಲರಮ್ಮನ ಕೈಯಲ್ಲಿದ್ದ ದುಡ್ಡಿಗೆ ವ್ಯಾಪಾರ ಮುಗಿಯುತ್ತದೆ. ಮೇಡಂ ಗಂಡ ಯಂತ್ರವನ್ನು ಸ್ಕೂಟರಿನಲ್ಲಿ ಟೇಲರಮ್ಮನ ಮನೆಗೆ ತಲುಪಿಸಿ ಬರುತ್ತಾರೆ, ರೀಲುಗಳ ಸಮೇತ.

ಮಂಗಳವಾರ ಬೆಳಿಗ್ಗೆ ಹೋದರೆ ಅಂಗಡಿಯ ಶಟರ್ ಎಂದಿನಂತೆ ಮೊಣಕಾಲೆತ್ತರಕ್ಕೆ ನಿಂತಿದೆ. ಗೋಡೆಯ ಹಲಗೆ ಖಾಲಿ. ಅಲ್ಲಿ ಒಂದು ಚೀಟಿ ಮಾತ್ರ ಇದೆ, ಮೇಷ್ಟ್ರಿಗೆ ಎಂಥದ್ದು ಬೇಕು ಎಂದು ಬರೆದದ್ದು. ಕಂಪನಿಗೆ ಐದೂ ಅಳತೆ ಒಪ್ಪಿಗೆಯಾಗಿದೆ, ಮುಂದಿನ ಕೆಲಸವೂ ಬಂದಿದೆ. ಸುದ್ದಿ ಹೇಳಲು ಟೇಲರಮ್ಮ ಬೆಳ್ಳಂಬೆಳಿಗ್ಗೆಯೇ ಬಂದು ಹೋಗಿದ್ದಾರೆ. ಬರಿಗೈಯಲ್ಲಿ ಬಂದಿಲ್ಲ. ಮೇಡಂ ಗಂಡ ಹೊಸ ದಿಂಬೊಂದನ್ನು ಕಂಕುಳಲ್ಲಿ ಅವುಚಿಕೊಂಡು, ಯಾರಿಗೂ ಕೊಡುವುದಿಲ್ಲ ಎಂಬ ಮುಖದಲ್ಲಿ ಚಹಾ ಹೀರುತ್ತಿದ್ದಾರೆ. ಅಂಗಡಿಯ ಹಳೆಯ ದಿಂಬಿಗೂ ಒಂದು ಕೈಹೊಲಿಗೆಯ ಗವಸು ಬಂದಿದೆ. ಅದರ ಮೂಲೆಯಲ್ಲಿ, ಅಂಗಿಯ ಕಾಲರಿಗೆ ಹೊಲಿಯುವಂಥ ಬೆರಳಗಲದ ಬಟ್ಟೆಯ ಪಟ್ಟಿ, ಕೆಂಪು ದಾರದಲ್ಲಿ ಅಕ್ಷರ: 'ಒಂದು ಗಂಟೆ'.

ಹಾಗಾದರೆ ಅಂಗಡಿಗೆ ಮತ್ತೆ ಹೆಸರು ಬಂತಲ್ಲ ಎಂದರೆ ಮೇಡಂ ಕನ್ನಡಕವನ್ನು ಹಣೆಯ ಮೇಲಕ್ಕೇರಿಸಿ, ಆ ಪಟ್ಟಿಯನ್ನು ಉಗುರಿನಿಂದ ಮೆತ್ತಗೆ ಉಜ್ಜುತ್ತಾರೆ.

"ಇದರ ಮೇಲೆ ಇರ್ಲಿ ಬಿಡಿ. ಇದರ ಕೆಲ್ಸಾನೇ ಉಸಿರು ಕಟ್ಟಿಸೋದು" ಎಂದು ಹೇಳಿ, ಮುಂದಿನ ಯಂತ್ರವನ್ನು ದಿಂಬಿನ ಮೇಲಿಟ್ಟು, ಕಣ್ಣು ಮುಚ್ಚಿ ಕೇಳಿಸಿಕೊಳ್ಳಲು ಕೂರುತ್ತಾರೆ.